ಒಂದೇ ಗುಂಡಿಯ ‘ಶ್ರೀ’

ನಾನು ಕನ್ನಡ ಟೈಪು ಮಾಡುವ ಒಂದು ಸಾಫ್ಟ್‌ವೇರ್. ಕೈಕಾಲಿಲ್ಲ, ಮೈಯಿಲ್ಲ, ಎರಡು ಫ್ಲಾಪಿಗಳಲ್ಲಿ ಮುದುರಿಕೊಂಡು ರಾಣೇಬೆನ್ನೂರಿಗೆ ಬಂದವನು. ಹುಟ್ಟಿಸಿದವರು ಚಂದದ ಹೆಸರನ್ನೇ ಇಟ್ಟಿದ್ದರು. ಕೋರ್ಟಿನ ಎದುರಿನ ಚನ್ನವೀರಪ್ಪನವರ ಟೈಪಿಂಗ್ ಅಂಗಡಿಯಲ್ಲಿ ಮಾತ್ರ ಯಾರೂ ಆ ಹೆಸರು ಹಿಡಿದು ಕರೆಯಲಿಲ್ಲ. ನಾನು ಎರಡನೇ ಆವೃತ್ತಿ, ಆದ್ದರಿಂದ ‘ಎರಡನೇದು’. ನನಗಿಂತ ಮೊದಲಿನ ಅಣ್ಣನಿಗೆ ಒತ್ತಕ್ಷರವೆಂದರೆ ಕಬ್ಬಿಣದ ಕಡಲೆ. ನಾನು ಬಂದ ದಿನವೇ ಅವನನ್ನು ಅಳಿಸಿಹಾಕಿದರು. ನನಗೆ ಏನೂ ಅನ್ನಿಸಲಿಲ್ಲ. ಹರೆಯದಲ್ಲಿ ಯಾರಿಗೆ ಅನ್ನಿಸುತ್ತದೆ?

ಅಲ್ಲಿ ಟೈಪು ಮಾಡುತ್ತಿದ್ದವರು ಕಸ್ತೂರಕ್ಕ. ಟೈಪ್‌ರೈಟರಿನ ಮೇಲೆ ಪಳಗಿದ ಕೈ. ನನ್ನ ಅಕ್ಷರಗಳೂ ಟೈಪ್‌ರೈಟರಿನ ಜಾಗಗಳಲ್ಲೇ ಕೂತಿದ್ದವು. ‘ಶ್ರೀ’ಗೆ ಒಂದೇ ಗುಂಡಿ, ಬಲಗೈ ಕಿರುಬೆರಳಿನ ತುದಿಗೆ. ಲಗ್ನಪತ್ರಿಕೆಯಿರಲಿ, ಜಮೀನಿನ ಅರ್ಜಿಯಿರಲಿ, ಅವರು ಮೊದಲು ಆ ಗುಂಡಿ ಒತ್ತಬೇಕು. ಅರ್ಜಿಯಾದರೆ ಆಮೇಲೆ ಅದನ್ನು ಅಳಿಸುವರು. ಕೀಬೋರ್ಡಿನ ಕಡೆ ನೋಡುತ್ತಲೇ ಇರಲಿಲ್ಲ.

ಮುಂದೆ ಮೂರನೆಯದು ಬಂತು. ನೋಡಲು ಮದುಮಗನೇ. ಆದರೆ ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಅದು ಕಣ್ಣು ಬಿಡುವಷ್ಟರಲ್ಲಿ ಚಹಾ ತರಿಸಿ ಕುಡಿದು ಮುಗಿಸಬಹುದಿತ್ತು.

“ಈ ಮಷಿನ್ನಿಗೆ ಎರಡನೇದ ಚಲೋ ಬಿಡ್ರಿ ಅಕ್ಕಾರ,” ಎಂದರು ಚನ್ನವೀರಪ್ಪ. ನಾನು ಉಬ್ಬಿಹೋದೆ.

ನಾಲ್ಕನೆಯದು ಹೊಸ ಕಂಪ್ಯೂಟರನ್ನೇ ಜೊತೆಗೆ ಕರೆತಂದಿತು. ಅಷ್ಟರಲ್ಲಿ ಜನ ಟೈಪು ಮಾಡಿದ್ದನ್ನು ಮೊಬೈಲಿಗೆ ಕಳಿಸಿ ಎನ್ನತೊಡಗಿದ್ದರು. ನಾನು ಬರೆದದ್ದು ನನ್ನ ಮನೆಯೊಳಗೆ ಮಾತ್ರ ಕನ್ನಡ. ಹೊಸಿಲು ದಾಟಿದರೆ ಇರುವೆ ಸಾಲು. “ಇದ್ಯಾವ ಭಾಷಾರಿ?” ಎಂದು ವಕೀಲರೊಬ್ಬರು ಮೊಬೈಲು ತೋರಿಸಿ ನಕ್ಕರು. ಕಸ್ತೂರಕ್ಕ ನಗಲಿಲ್ಲ.

“ದೀಪಾವಳಿ ಆದಮ್ಯಾಲೆ ಎಲ್ಲಾ ಹೊಸದರಾಗ ಆಗ್ಬೇಕ್ರಿ ಅಕ್ಕಾರ. ಒಗ್ಗಲಿಲ್ಲಂದ್ರ ನಾ ಬ್ಯಾರೆಯವರನ್ನ ನೋಡ್ಬೇಕಾಕ್ಕತಿ,” ಎಂದರು ಚನ್ನವೀರಪ್ಪ, ಅವರ ಮುಖ ನೋಡದೆ.

ಟೈಪಿಂಗ್ ಬಿಟ್ಟರೆ ಕಸ್ತೂರಕ್ಕನಿಗೆ ಬೇರೆ ದುಡಿಮೆ ಗೊತ್ತಿರಲಿಲ್ಲ. ಹೊಸದರಲ್ಲಿ ‘ಶ್ರೀ’ ಎಂದರೆ ಬಿಡಿಬಿಡಿಯಾಗಿ ನಾಲ್ಕು ಗುಂಡಿ. ಮಧ್ಯಾಹ್ನ ರೊಟ್ಟಿ ಉಂಡು ಅದರೆದುರು ಕೂರುವರು. ಬೆರಳು ಹಳೇ ದಾರಿ ಹಿಡಿಯುವುದು. ತಮ್ಮನ್ನೇ ಬೈದುಕೊಂಡು ನನ್ನ ಬಳಿ ಬಂದು, ಒಂದು ಪುಟ ಸರಾಗವಾಗಿ ಬರೆದು ಉಸಿರು ಬಿಡುವರು. ಅವರು ಸೋತ ದಿನ ನನಗೆ ಹಬ್ಬ.

ದೀಪಾವಳಿಯ ಹಿಂದಿನ ವಾರ ಅದೇ ವಕೀಲರು ಒಂದು ಅವಸರದ ಅರ್ಜಿ ತಂದರು. ಸಂಜೆಯೊಳಗೆ ಮೊಬೈಲಿಗೆ ಬರಬೇಕು. ಕಸ್ತೂರಕ್ಕ ರೂಢಿಯಂತೆ ನನ್ನೆದುರು ಕೂತು ಕಿರುಬೆರಳು ಎತ್ತಿದರು. ಒತ್ತಲಿಲ್ಲ. ಎದ್ದು ಹೊಸ ಕಂಪ್ಯೂಟರಿಗೆ ಹೋದರು. ತಪ್ಪುತ್ತ, ಅಳಿಸುತ್ತ, ಹೊತ್ತು ಮುಳುಗುವ ಮುಂಚೆ ಮುಗಿಸಿ ಕಳಿಸಿದರು. ವಕೀಲರು ಮೊಬೈಲು ನೋಡಿ, “ಅಗದೀ ಚಲೋ ಬಂದೈತ್ರಿ,” ಎಂದರು. ಕಸ್ತೂರಕ್ಕನ ಕುರ್ಚಿ ಉಳಿಯಿತು. ನನಗೆ ಸಂತೋಷವೇ ಆಯಿತು, ಸುಳ್ಳಲ್ಲ. ಆದರೆ ಅಂದಿನಿಂದ ಅವರು ನನ್ನ ಬಳಿ ಉಸಿರು ಬಿಡಲು ಬರಲಿಲ್ಲ.

ಈಗ ನಾನಿರುವ ಕಂಪ್ಯೂಟರು ಮೂಲೆಯಲ್ಲಿ, ಜೆರಾಕ್ಸ್ ಕಾಗದದ ಡಬ್ಬಿಗಳ ಹಿಂದೆ ಇದೆ. ವರ್ಷಕ್ಕೊಮ್ಮೆ, ಆಯುಧಗಳನ್ನು ಪೂಜಿಸುವ ಖಂಡೇ ಪೂಜೆಯ ದಿನ, ಕಸ್ತೂರಕ್ಕ ಅದರ ಧೂಳು ಒರೆಸಿ, ವಿಭೂತಿ ಹಚ್ಚಿ, ನನ್ನನ್ನು ತೆರೆದು ಒಂದು ‘ಶ್ರೀ’ ಬರೆಯುತ್ತಾರೆ. ಉಳಿದ ದಿನವೆಲ್ಲ ಕತ್ತಲೆ. ಬಹಳ ಒಂಟಿತನ. ಆ ಒಂದು ಕಿರುಬೆರಳಿಗಾಗಿ ಕಾಯುತ್ತೇನೆ.

ಈ ಸಲವೂ ಬಂದರು. ಚನ್ನವೀರಪ್ಪನವರೊಂದಿಗೆ ಮಾತಾಡುತ್ತ, ಎಂದಿನಂತೆ ನೋಡದೆ ಒತ್ತಿದರು. ಪರದೆಯ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಅಕ್ಷರ ಮೂಡಿದವು. ಬೆರಳುಗಳು ಹೊಸದರ ದಾರಿ ಹಿಡಿದಿದ್ದವು.

“ಅಯ್ಯ, ನನ್ನ ಕೈಗೋಳು ಮರತಾವ ನೋಡ್ರಿ ಇದನ್ನ,” ಎಂದು ಆ ನಾಲ್ಕನ್ನೂ ಅಳಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು ಕೀಬೋರ್ಡಿನ ಮೇಲೆ ಬಾಗಿದರು. ಗುಂಡಿಗಳಿಗೆ ಅಂಟಿಸಿದ್ದ ಕನ್ನಡ ಚೀಟಿಗಳು ಎಂದೋ ಅಳಿಸಿಹೋಗಿದ್ದವು. ಒಂದೊಂದನ್ನೇ ಒತ್ತಿ, ನೋಡಿ, ಅಳಿಸಿ, ಕೊನೆಗೆ ಹುಡುಕಿ ತೆಗೆದರು. ‘ಶ್ರೀ’ ಬಂತು. ಒಂದು ಚೆಂಡುಹೂ ಇಟ್ಟು ಸ್ವಿಚ್ಚು ಆರಿಸಿದರು.

ಬೆರಳು ಮರೆತರೂ ಅವರು ಹುಡುಕಿದರಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಆ ಗುಂಡಿ ಎಲ್ಲಿದೆಯೆಂದು ಹುಡುಕದೆ ಬಲ್ಲವನು ಈಗ ನಾನೊಬ್ಬನೇ.