ಲೋಟದ ಮೇಲಿನ ಅಂಗೈ

ಆ ಭಾನುವಾರ ಮಳೆ ಸುರಿದು ಲೆಷ್ನೋ ಊರಿನ ಸ್ಪೀಡ್‌ವೇ, ಅಂದರೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸು, ರದ್ದಾಯಿತು. ನಮ್ಮ ಅತ್ತೆ ಗೆನೊವೇಫಾ ಸುಮ್ಮನೆ ಕೂರುವವರಲ್ಲ. ಅಡುಗೆಮನೆಯ ಮೇಜಿನ ಮೇಲೆ ರೇಸಿನ ಇಸ್ಪೀಟ್ ಎಲೆಗಳನ್ನು ಹರಡಿದರು. ನಡುವೆ ಸಕ್ಕರೆ ಡಬ್ಬಿ ಇಟ್ಟರು. ಕೆಂಪು, ನೀಲಿ, ಬಿಳಿ, ಹಳದಿ ಅಂಗಿಗುಂಡಿಗಳೇ ನಾಲ್ಕು ಬೈಕುಗಳು. ಎಲೆಯಲ್ಲಿ ಬಂದ ಅಂಕಿಯಷ್ಟು ಮುಂದೆ ಸರಿಸುತ್ತಾ ಡಬ್ಬಿಯನ್ನು ನಾಲ್ಕು ಸುತ್ತು ಹಾಕಬೇಕು. ಈ ವಯಸ್ಸಿನಲ್ಲಿ ಇದೆಂಥ ಹುಡುಗಾಟ ಎಂದು ನನಗೆ ರೇಗಿತು.

"ಇದ್ರಲ್ಲಿ ಬ್ರೇಕಿನ ಎಲೆ ಯಾವ್ದು ಅತ್ತೆ?"

"ಆ ಬೈಕಿಗೆ ಬ್ರೇಕೇ ಇರಲ್ಲ ಅಳಿಯಂದ್ರೇ! ಕ್ರಾಕೋವ್‌ನಲ್ಲಿ ಟ್ರಾಮ್ ನೋಡ್ಕೊಂಡು ಬೆಳೆದೋರಿಗೆ ಏನ್ ಗೊತ್ತಾಗತ್ತೆ?"

ಅತ್ತೆಯ ಕೆಂಪು ಗುಂಡಿ ಮೇಜಿನಲ್ಲಿ ಅವರ ಬದಿಯ ತಿರುವಿಗೆ ಬಂದಾಗ ಅವರು ಚಹಾದ ಲೋಟವನ್ನು ಅಂಗೈಯಿಂದ ಮುಚ್ಚಿದರು.

"ನೊಣ ಬಂತಾ?" ಎಂದೆ.

"ನಲವತ್ತು ವರ್ಷದಿಂದ ಟ್ರ್ಯಾಕಿನ ತಿರುವಲ್ಲೇ ಲೋಟ ಹಿಡ್ಕೊಂಡು ನಿಂತು ನೋಡ್ತಿದೀನಿ. ಬೈಕು ವಾಲಿ ತಿರುಗಿದ್ರೆ ಮಣ್ಣೆಲ್ಲಾ ಸಿಡಿದು ಲೋಟಕ್ಕೇ ಬೀಳತ್ತೆ. ಕೈ ತಾನಾಗೇ ಹೋಗತ್ತೆ."

ನಾನು ಗಹಗಹಿಸಿ ನಕ್ಕೆ.

ಮೂರನೇ ಸುತ್ತಿಗೆ ತಗಡಿನ ಸೂರಿನ ಮೇಲಿನ ಮಳೆ ಎಂಜಿನ್ನಿನಂತೆ ಮೊರೆಯತೊಡಗಿತು. ಚಹಾದ ಹಬೆಯಲ್ಲಿ ಸುಟ್ಟ ಎಣ್ಣೆಯ ವಾಸನೆ ತೇಲಿಬಂತು. ನನ್ನ ಹಳದಿ ಗುಂಡಿ ತಿರುವಿನಲ್ಲಿ ಎಡಕ್ಕೆ ವಾಲಿತು. ಅದರ ಜೊತೆ ನಾನೂ, ಮೇಜೂ, ಇಡೀ ಅಡುಗೆಮನೆಯೂ ವಾಲಿದಂತಾಯಿತು.

"ಈಗ ನೊಣ ಬಂತಾ ಅಳಿಯಂದ್ರೇ?" ಎಂದರು ಅತ್ತೆ.

ನೋಡಿದೆ. ನನ್ನ ಅಂಗೈ ನನ್ನ ಲೋಟದ ಮೇಲಿತ್ತು.