ಮನೆ ನಂಬರ್ ಹದಿನೇಳು

“ಏ ರಂಡೇರಾ, ಬಾಯಿ ಮುಚ್ಗೊಂಡ ಕಡ್ಲಿ ಕೀಳ್ರಿ!” ಬದುವಿನ ಮೇಲೆ ನಿಂತು ಗುರುಪಾದ ಕೂಗಿದ. ಅವನು ಗೌಡರ ಮನೆಯ ಕಾರಭಾರಿ. “ನಾಳಿ ಸಂಸ್ಥೇದ ಹುಡುಗಿ ಸರ್ವೇಕ್ಕ ಬರ್ತೈತಿ. ನೀರಿಂದ ಕೇಳಿದ್ರ, ಏನೂ ತ್ರಾಸಿಲ್ರಿ ಅನ್ರಿ. ಬ್ಯಾರೆ ಮಾತ ಬಂತಂದ್ರ ಮುಶಿಗೇರ್ಯಾಗ ಹ್ಯಾಂಗ ಬಾಳ್ವೆ ಮಾಡ್ತೀರಿ ನೋಡ್ತೀನಿ.”

ಕಳಕವ್ವ ತಲೆ ಎತ್ತಲಿಲ್ಲ. ಕಡಲೆ ಗಿಡದ ಹುಳಿ ಬೆರಳಿನ ಬಿರುಕಿಗೆ ಇಳಿದು ಉರಿಯುತ್ತಿತ್ತು. ಮೂರು ವರ್ಷದ ಹಿಂದಿನ ಸರ್ವೆಯಲ್ಲಿ ಅವಳು ಹೆದರಿ ಅದೇ ಮಾತು ಹೇಳಿದ್ದಳು. ಅದನ್ನು ನಂಬಿದ ಸಂಸ್ಥೆ ಅವರ ಕೇರಿಗೆ ಬರಬೇಕಿದ್ದ ನಳವನ್ನು ಪಕ್ಕದೂರು ಜಕ್ಕಲಿಗೆ ಕೊಟ್ಟಿತು. ಮೇಲಿನ ಓಣಿಯ ನಳವನ್ನು ಕೇರಿಯವರು ಮುಟ್ಟುವಂತಿಲ್ಲ. ಮೇಲಿನವರು ಯಾರಾದರೂ ಮನಸ್ಸು ಮಾಡಿ ಕೊಡಕ್ಕೆ ಸುರಿದರೆ ಉಂಟು, ಇಲ್ಲದಿದ್ದರೆ ಹಳ್ಳವೇ ಗತಿ. ಹೋದ ವರ್ಷ ಹಳ್ಳದ ಏರಿನಲ್ಲಿ ಎರಡು ಕೊಡ ಹೊತ್ತ ಸೊಸೆ ದುರ್ಗವ್ವ ಜಾರಿ ಬಿದ್ದಳು. ಹೊಟ್ಟೆಯಲ್ಲಿದ್ದ ಏಳು ತಿಂಗಳ ಕೂಸು ಹೋಯಿತು. ಅದನ್ನು ಕೊಂದದ್ದು ತನ್ನ ನಾಲಿಗೆ ಎಂದೇ ಕಳಕವ್ವ ನಂಬಿದ್ದಳು.

ಮರುದಿನ ಸಂಸ್ಥೆಯ ಅರ್ಚನಾ ಬಂದು ಕೇರಿಯ ಬಾಗಿಲುಗಳ ಮೇಲೆಲ್ಲ ಸುಣ್ಣದಲ್ಲಿ ನಂಬರ್ ಬರೆಸಿದಳು. ಹೋದ ಸಲ ಕೇಳಿದ ಮನೆಗಳನ್ನೇ ಮತ್ತೆ ಕೇಳುವುದು ಅವರ ಪದ್ಧತಿ. ಕಳಕವ್ವನದು ಹದಿನೇಳು.

“ಹತ್ತ ಮನಿಗೆ ಒಂದ್ ಮನಿ ಕೇಳ್ತೀವ್ರಿ ಅಮ್ಮಾ. ನೀವ್ ಹೇಳಿದ್ದ ಹತ್ತೂ ಮನಿ ಮಾತು. ನಿಮ್ಮ ಹೆಸರ ಎಲ್ಲೂ ಬರೂದಿಲ್ರಿ, ಬರೇ ನಂಬರ.”

ಗುರುಪಾದ ಕೇರಿಯ ಹೊರಗೇ ನಿಂತಿದ್ದ. ಮೈಲಿಗೆ ಎಂದು ಒಳಗೆ ಕಾಲಿಟ್ಟವನೇ ಅಲ್ಲ. ಯಾವ ಬಾಗಿಲು ಯಾರದೆಂದು ಅವನಿಗೆ ಗೊತ್ತಿರಲಿಲ್ಲ.

“ಹೋದ ಸಲ ಸುಳ್ಳ ಹೇಳಿದ್ನಿರಿ ಅಕ್ಕಾರ,” ಅಂದಳು ಕಳಕವ್ವ. “ಈ ಸಲ ಖರೇ ಬರಕೋರಿ.” ನಳದ ಸಂಗತಿ, ಕೂಸಿನ ಸಂಗತಿ, ಎಲ್ಲ ಹೇಳಿದಳು.

ಹದಿನೈದು ದಿನಕ್ಕೆ ಅರ್ಚನಾ ಪಂಚಾಯಿತಿಯಲ್ಲಿ ವರದಿ ಓದಿದಳು. ಹೆಸರು ಹೇಳಲಿಲ್ಲ, ಕೊಟ್ಟ ಮಾತು ಉಳಿಸಿಕೊಂಡಳು ಪುಣ್ಯಾತ್ಗಿತ್ತಿ. “ಮನೆ ನಂಬರ್ ಹದಿನೇಳರವರು ತಿಳಿಸಿದಂತೆ” ಎಂದಷ್ಟೇ ಓದಿದಳು. ಆ ನಂಬರ್ ಬಾಗಿಲ ಮೇಲೆಯೇ ಇದೆ ಎಂಬುದು ಅವಳ ಓದಿದ ತಲೆಗೆ ಹೊಳೆಯಲಿಲ್ಲ.

“ಯಾವಾಕಿಲೇ ಆ ಬೋಸುಡಿ?” ಗೌಡ ಎದ್ದ. “ಗುರುಪಾದಾ, ಬಾಗಲಾ ಹುಡುಕು. ಸಂಜಿ ಆಗೂದ್ರಾಗ ಆ ಮನಿ ಇರಬಾರ್ದು.”

ಗುರುಪಾದ ಆಳುಗಳನ್ನು, ಹಾರೆಗಳನ್ನು ಕೂಡಿಸುವಷ್ಟರಲ್ಲಿ, ಸಭೆಯ ಅಂಚಿನಲ್ಲಿ ಕೂತಿದ್ದ ಕಳಕವ್ವ ಮನೆಗೆ ಓಡಿ, ಒದ್ದೆ ಅರಿವೆಯಿಂದ ನಂಬರ್ ಒರೆಸಲು ಹೋದಳು. ದುರ್ಗವ್ವ ಅವಳ ಕೈ ಹಿಡಿದಳು.

“ಅಳಸಬ್ಯಾಡ್ರಿ ಅತ್ತಿ. ಮತ್ತ ಸುಳ್ಳ ಹೇಳಿದಂಗಾಕ್ಕೈತಿ.”

ಅಷ್ಟಂದವಳೇ ಸುಣ್ಣದ ಗಡಿಗೆ ಎತ್ತಿಕೊಂಡು, ತಮ್ಮ ಹದಿನೇಳನ್ನೇ ಮತ್ತೊಮ್ಮೆ ತಿದ್ದಿ, ಒದ್ದೆ ಅರಿವೆ ಸಮೇತ ಪಕ್ಕದ ಮನೆಯ ನಂಬರ್ ಒರೆಸಲು ನಡೆದಳು.

ಸಂಜೆ ಗುರುಪಾದ ಮೂಗಿಗೆ ವಸ್ತ್ರ ಒತ್ತಿಕೊಂಡು ಹುಟ್ಟಿದಾಗಿನಿಂದ ಮೊದಲ ಸಲ ಕೇರಿಯೊಳಗೆ ಕಾಲಿಟ್ಟ. ಮೊದಲ ಬಾಗಿಲು ಹದಿನೇಳು. ಎರಡನೆಯದೂ ಹದಿನೇಳು. ಕೊನೆಯ ಗುಡಿಸಲಿನವರೆಗೂ ಅದೇ, ಇನ್ನೂ ಹಸಿ ಸುಣ್ಣ, ಪ್ರತಿ ಹೊಸ್ತಿಲ ಮೇಲೂ ಒಬ್ಬೊಬ್ಬ ಹೆಂಗಸು.

“ಹೇಳ್ರಿ, ಯಾವಾಕಿ ಹೇಳಿದ್ದು?”

ಹೊಸ್ತಿಲ ಮೇಲೆ ಕೂತ ದುರ್ಗವ್ವ ಸುಣ್ಣದ ಕೈ ಮುಚ್ಚಿಡಲಿಲ್ಲ. “ಹತ್ತೂ ಮನಿ ಮಾತು ಅದು ರೀ. ಯಾವ ಮನಿಂದ ಚಾಲೂ ಮಾಡ್ತೀರಿ, ಮಾಡ್ರಿ.”

ಗುರುಪಾದ ಆಳಿನ ಕೈಯಿಂದ ಹಾರೆ ಕಸಿದು ಎತ್ತಿದ. ಕೇರಿಯಲ್ಲಿ ಒಬ್ಬಳೂ ಹೊಸ್ತಿಲು ಬಿಟ್ಟು ಏಳಲಿಲ್ಲ.