ರುಕ್ಮವ್ವನ ಖೋಲಿ ಮತ್ತು ಓಣಿಯ ತಕರಾರು

೧
ಈ ಕತೆಯನ್ನು ನಾಯಿಯಿಂದ ಶುರು ಮಾಡಲೋ, ಕಾರಿನಿಂದ ಶುರು ಮಾಡಲೋ? ಮೂರು ದಿನ ಒದ್ದಾಡಿದೆ. ನಾಯಿಯ ಡ್ರಾಫ್ಟ್ ಓದಿದ ನಮ್ಮನೆಯವಳು ‘ಮುಂದ ನಾಯಿ ಏನಾತು?’ ಅಂತಷ್ಟೇ ಕೇಳಿದಳು, ಮನುಷ್ಯರ ಸುದ್ದಿಯನ್ನೇ ಎತ್ತಲಿಲ್ಲ. ಹರಿದು ಹಾಕಿದೆ. ಆದ್ದರಿಂದ, ಓದುಗರೇ, ರುಕ್ಮವ್ವನಿಂದಲೇ ಶುರು.

ಚಿಮ್ಮಡದ ರುಕ್ಮವ್ವನಿಗೆ ಐವತ್ತರ ಹತ್ತಿರ. ಗಂಡ ಪಾಂಡಪ್ಪ ಕುರಿ ಹೊಡೆದುಕೊಂಡು ವರ್ಷದಲ್ಲಿ ಎಂಟು ತಿಂಗಳು ಅಡವಿ ತಿರುಗುವವನು. ಮನೆಯಲ್ಲಿ ಇವಳು, ಎರಡು ಮುಧೋಳ ನಾಯಿ, ಅವುಗಳ ಮರಿ. ಮರಿ ಕೊಳ್ಳಲು ಪುಣೆ, ಹೈದರಾಬಾದ್ ಕಡೆಯಿಂದ ಜನ ಬರುತ್ತಿದ್ದರು. ಬಂದವರಿಗೆ ಅವಳದೊಂದು ಕರಾರು: ಎರಡು ದಿನ ಇಲ್ಲೇ ಇರಬೇಕು, ಮರಿ ತಾನಾಗಿ ಬೆನ್ನು ಹತ್ತಿದರೆ ಮಾತ್ರ ಒಯ್ಯಬೇಕು. ಅದಕ್ಕೆಂದೇ ೨೦೧೪ರಲ್ಲಿ ಹಿತ್ತಲ ಖೋಲಿಗೆ ಸುಣ್ಣ ಹೊಡೆಸಿ, ಫ್ಯಾನ್ ಹಾಕಿಸಿ, ಬಾಡಿಗೆಗೆ ಕೊಡತೊಡಗಿದಳು.

(ಬರೆದದ್ದನ್ನೆಲ್ಲ ರುಕ್ಮವ್ವನಿಗೇ ಫೋನಿನಲ್ಲಿ ಓದಿ ಹೇಳುತ್ತೇನೆ. ‘ಹೋಮ್‌ಸ್ಟೇ’ ಅಂತ ಬರೆದಿದ್ದೆ. ‘ಏನಪಾ ಅದು, ಬ್ಯಾನಿ-ಜಡ್ಡಿನ ಹೆಸರಿದ್ದಂಗ ಐತಿ, ತಗಿ’ ಅಂದಳು. ತೆಗೆದೆ.)

೨
ಈಗ ಕಾರು. ಅದೇ ವರ್ಷ, ಕಬ್ಬು ಕಡಿಯುವ ದಿನಗಳು. ಹೈದರಾಬಾದಿನ ಡಾಕ್ಟರೊಬ್ಬರು ಉದ್ದನೆಯ ಕಾರನ್ನು ಓಣಿಯ ನಟ್ಟನಡುವೆ ನಿಲ್ಲಿಸಿ, ನಾಯಿ ಓಡುವುದನ್ನು ನೋಡಲು ಹೊಲದ ಕಡೆ ಹೋದರು. ಕಾರಿನ ಹಿಂದೆ, ರುಕ್ಮವ್ವನ ಪಕ್ಕದ ಮನೆಯ ಶಿದ್ರಾಮಪ್ಪನವರ ಕಬ್ಬಿನ ಟ್ರೇಲರ್ ಸಿಕ್ಕಿಕೊಂಡಿತು. ಹಾರ್ನ್ ಹೊಡೆದೂ ಹೊಡೆದೂ ಡ್ರೈವರನ ಕೈ ಸೋತಿತು. ಡಾಕ್ಟರು ನಗುನಗುತ್ತ ಮರಳುವ ಹೊತ್ತಿಗೆ ಮಧ್ಯಾಹ್ನ. ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ತಪ್ಪಿ, ಕಬ್ಬು ಎರಡು ದಿನ ಬಿಸಿಲಲ್ಲಿ ಒಣಗಿತು.

ಶಿದ್ರಾಮಪ್ಪನವರು ಬೈಯಲಿಲ್ಲ. ರುಕ್ಮವ್ವನ ಅಂಗಳದಲ್ಲಿ ನಿಂತು ಒಂದೇ ಮಾತು ಕೇಳಿದರು.

‘ರುಕ್ಮವ್ವಾ, ಮನಿ ನಿಂದು, ಖರೆ. ಓಣಿ ಯಾರ್ದು?’

‘ಎಲ್ಲಾರ್ದೂರಿ. ಅಂದ್ರ ನಂದೂ ಐತೆಲ್ಲರಿ?’

‘ಐತಿ. ಆ ಹೈದರಾಬಾದಿನಾಂವಂದು ಹೆಂಗಾತು?’

ರುಕ್ಮವ್ವ ತಲೆಗೆ ಸೆರಗೆಳೆದುಕೊಂಡು ಒಳಗೆ ಹೋದಳು. (ಇಲ್ಲಿ ಅವಳಿಗೆ ನಾನೊಂದು ಚುರುಕು ಉತ್ತರ ಬರೆದುಕೊಟ್ಟೆ. ‘ಅವರು ಅಂದದ್ದು ಖರೆ ಐತಿ. ನನ್ನ ಬಾಯಾಗ ನಿನ್ನ ಶಾಣ್ಯಾತನ ಯಾಕ ತುರಕ್ತಿ?’ ಅಂದಳು.)

೩
ಇಲ್ಲೊಂದು ಕಳ್ಳತನ ಇಟ್ಟರೆ ಕತೆಗೆ ಖಾರ ಬರುತ್ತದೆ ಅಂತ ನನ್ನ ಆಸೆ. ರುಕ್ಮವ್ವ ಒಪ್ಪಲಿಲ್ಲ: ‘ನನ್ನ ಖೋಲ್ಯಾಗ ಇದ್ದಾವ್ರು ಯಾರೂ ಕಳ್ಳರಲ್ಲ. ಒಬ್ಬಾಂವ ತನ್ನ ಟಾವೆಲ್ಲಾನ ಬಿಟ್ಟ ಹೋಗ್ಯಾನ.’ ಆಯಿತು, ಕಳ್ಳತನ ಇಲ್ಲ.

ನಡೆದದ್ದು ಇಷ್ಟು. ಮುಂದಿನ ರವಿವಾರ ಬೆಳಗ್ಗೆ ಬೀರೇಶ್ವರನ ಗುಡಿಯ ಮುಂದೆ ಓಣಿಯವರು ಕೂಡಿದರು. ಹೊರಗಿನವರನ್ನು ಬಾಡಿಗೆಗೆ ಇಟ್ಟುಕೊಳ್ಳಕೂಡದು ಎಂಬುದು ಶಿದ್ರಾಮಪ್ಪನವರ ಮಾತು.

‘ಪಾಂಡಪ್ಪ ಊರಾಗ ಇರೂದಿಲ್ಲ. ನಾಳೆ ಏನರ ಆದ್ರ ಓಡಿ ಬರಾವ್ರು ನಾವ. ಬಂದಾವ್ರು ಎಂಥಾವ್ರಂತ ನಮಗ ಗೊತ್ತಿರಬಾರದೇನು?’

ಅವರದು ಬರೀ ಸಿಟ್ಟು ಅಂದುಕೊಂಡಿದ್ದಳು ರುಕ್ಮವ್ವ. ಒಳಗೆ ಕಾಳಜಿಯೂ ಇದೆ ಅಂತ ಆಗ ತಿಳಿಯಿತು. ಎದ್ದು ನಿಂತಳು.

‘ಹ್ವಾದ ವರ್ಷ ಒಂದ ಮರಿ ಬಾಗಲದಾಗ ನಿಂತ ಕೊಟ್ಟ ಕಳಿಸಿದ್ನಿರಿ. ಗುರ್ತಿಲ್ಲದ ಮನ್ಯಾಗ ಐದ ದಿನ ಕೂಳ ಮುಟ್ಟಲಿಲ್ಲಂತ. ಸತ್ತ ಹೋತು. ಅದಕ್ಕ ಈ ಖೋಲಿ. ಮುಚ್ಚಂದ್ರ ಮುಚ್ತೇನಿ, ಆದ್ರ ಇನ್ನ ಮರೀನೂ ಯಾರಿಗೂ ಕೊಡೂದಿಲ್ಲ.’

ಅವಳೇ ಮುಂದುವರಿಸಿದಳು: ‘ಕಾರು ಊರ ಹೊರಗ ನಿಲ್ಲಲಿ. ಒಂದ ಸಲಕ್ಕ ಒಂದ ಪಾರ್ಟಿ. ಬಂದಾವ್ರು ಮೊದಲ ಶಿದ್ರಾಮಪ್ಪಾರ ಕಟ್ಟಿಗೆ ಬರ್ಲಿ. ಅವರು ನೋಡಿ ಹೂಂ ಅಂದ್ರ ನನ್ನ ಬಾಗಲಾ ತಗೀತೇನಿ.’

ಶಿದ್ರಾಮಪ್ಪನವರು ಕೆಮ್ಮಿದರು, ರುಮಾಲು ಸರಿ ಮಾಡಿಕೊಂಡರು. ಕಡೆಗೆ ಹೂಂ ಅಂದರು.

೪
ಆಮೇಲೆ ಬಂದ ಮೊದಲ ಗೆಸ್ಟನ್ನು ಶಿದ್ರಾಮಪ್ಪನವರು ಕಟ್ಟೆಯ ಮೇಲೆ ಕೂರಿಸಿ ಹತ್ತು ನಿಮಿಷ ಜಬರದಸ್ತಾಗಿ ವಿಚಾರಿಸಿದರು. ಎರಡನೆಯವನನ್ನು ಅರ್ಧ ತಾಸು. ಯುಗಾದಿ ಹೊತ್ತಿಗೆ ಅವರ ಹೆಂಡತಿ ಗಂಗಾಂಬಿಕಾ ಬಂದವರಿಗೆಲ್ಲ ಚಹಾ ಕಳಿಸತೊಡಗಿದ್ದಳು. ಸೊಲ್ಲಾಪುರದ ಡ್ರಾಯಿಂಗ್ ಮಾಸ್ತರನೊಬ್ಬ ಶಿದ್ರಾಮಪ್ಪನವರ ಮೀಸೆಯನ್ನೇ ಒಂದು ತಾಸು ಬಿಡಿಸಿದ. ರುಕ್ಮವ್ವ ಹಿತ್ತಲಿಂದ ಕೂಗಬೇಕಾಯಿತು: ‘ಶಿದ್ರಾಮಪ್ಪಾರ, ಮರಿ ದಾರಿ ಕಾಯಾಕತ್ತೈತಿ, ಬಿಡ್ರಿ ಅವರನ್ನ!’ ಕೂಗಿ, ಒಲೆಯ ಮುಂದೆ ಕೂತು ಒಬ್ಬಳೇ ನಕ್ಕಳು.

೫
ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಊಟಕ್ಕೆ ಏಳುತ್ತಿದ್ದೆ. ದಸರೆ ರಜೆಯಲ್ಲಿ ಒಂದು ಪೇಚು ಬಂತು. ಸಾಂಗ್ಲಿಯ ದಂಪತಿ ಖೋಲಿಯಲ್ಲಿರುವಾಗಲೇ, ಹುಬ್ಬಳ್ಳಿಯಿಂದ ಒಬ್ಬ ಬಸ್ ಕಂಡಕ್ಟರ್ ಹುಡುಗಿ ಬಂದು ಇಳಿದಳು. ಮರಿ ಬೇಕು, ಎರಡು ದಿನ ರಜೆ ಹಾಕಿ ಬಂದಿದ್ದಾಳೆ. ಒಂದು ಸಲಕ್ಕೆ ಒಂದೇ ಪಾರ್ಟಿ. ಶಿದ್ರಾಮಪ್ಪನವರ ಮನೆಯ ಮುಂದಿನ ಖೋಲಿ ಮಾತ್ರ ಖಾಲಿ, ಕೀಲಿ ಹಾಕಿದೆ.

ಮುಕ್ತಾಯ ಅ: ಶಿದ್ರಾಮಪ್ಪನವರು ‘ನಮ್ಮಲ್ಲೇ ಇರವಾ’ ಅನ್ನುತ್ತಾರೆ. (ಬಹಳ ಸಿಹಿ.)

ಮುಕ್ತಾಯ ಆ: ಲಾಡ್ಜ್ ಹುಡುಕಿಕೋ ಅಂತ ಬನಹಟ್ಟಿಗೆ ಹೋಗುವ ಬಸ್ಸು ತೋರಿಸುತ್ತಾರೆ. (ನ್ಯಾಯ ಸರಿ, ಮನಸ್ಸು ಒಪ್ಪುವುದಿಲ್ಲ.)

ಮುಕ್ತಾಯ ಇ: ಗಂಗಾಂಬಿಕಾ ಗಂಡನನ್ನು ಕೇಳದೆಯೇ ಬಾಗಿಲು ತೆಗೆಯುತ್ತಾಳೆ, ಆಗ ಮನೆ ಯಾರದು ಎಂಬ ಹೊಸ ತಕರಾರು.

ಮೂರನ್ನೂ ರುಕ್ಮವ್ವನಿಗೆ ಫೋನಿನಲ್ಲಿ ಓದಿದೆ.

‘ತಮ್ಮಾ, ಅದು ಅವರ ಮನಿ. ಇಟ್ಕೋಬೇಕೋ ಬ್ಯಾಡೋ ಅವರ ಹೇಳ್ಲಿ. ನೀ ಯಾರ ಅದನ್ನ ಬರ್ಯಾಕ? ನಿನ್ನ ಅ ಆ ಇ ಮುಗಿಯೂತನಾ ಆ ಹುಡುಗಿ ಬಿಸಲಾಗ ನಿಂದರಬೇಕೇನು?’

ಹೌದು, ಹುಡುಗಿ ಹೆಗಲ ಮೇಲೆ ಚೀಲ ಹೊತ್ತು ನಿಂತೇ ಇದ್ದಾಳೆ. ಶಿದ್ರಾಮಪ್ಪನವರು ರುಕ್ಮವ್ವನ ಮುಖ ನೋಡುತ್ತಾರೆ, ರುಕ್ಮವ್ವ ಬೇಕಂತಲೇ ನಾಯಿಯ ಕಿವಿ ತುರಿಸುತ್ತಾಳೆ. ಒಳಗೆ ಗಂಗಾಂಬಿಕಾ ಡಬ್ಬಿಗಳನ್ನು ಸರಿಸಿ ಕೀಲಿ ಹುಡುಕುವ ಸದ್ದು. ತೆರೆಯಲಿಕ್ಕೋ, ಬಚ್ಚಿಡಲಿಕ್ಕೋ, ನನ್ನನ್ನು ಕೇಳಬೇಡಿ. ಶಿದ್ರಾಮಪ್ಪನವರು ಹುಡುಗಿಗೆ ಜಾಗ ಬಿಟ್ಟು ಕಟ್ಟೆಯ ಮೇಲೆ ಒಂದು ಗೇಣು ಆಚೆ ಸರಿದು ಕೂತರು. ನಾನು ಬರೆಯುವುದು ಇಷ್ಟೇ.